ಸಿಲ್ವರ್ ಓಕ್ ಬಾಡಿ, ತೇಗದ ನೆಕ್: ಮಳೆಗಾಲದಲ್ಲಿ ಯಾವ ಕೆಲಸ, ಬೇಸಿಗೆಯಲ್ಲಿ ಯಾವ ಕೆಲಸ?

ಆರನೇ_ತಂತಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಆಕಾರದ ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಯೋಜನೆ ಇದೆ. ಬಾಡಿಗೆ ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್, ಎರಡು ಹಲಗೆ ಅಂಟಿಸಿ 45 ಮಿ.ಮೀ. ದಪ್ಪ. ನೆಕ್‌ಗೆ ಹಳೇ ಬಾಗಿಲ ಚೌಕಟ್ಟಿನ ತೇಗ, ಫಿಂಗರ್‌ಬೋರ್ಡ್‌ಗೆ ಬೀಟೆ. ಸ್ಕೇಲ್ (ತಂತಿಯ ಮಿಡಿಯುವ ಉದ್ದ) 648 ಮಿ.ಮೀ., 22 ಫ್ರೆಟ್ (ಫಿಂಗರ್‌ಬೋರ್ಡ್‌ನ ಲೋಹದ ಅಡ್ಡಪಟ್ಟಿ), ಹಾರ್ಡ್‌ಟೇಲ್ (ಅಲುಗದ ಬಗೆಯ) ಬ್ರಿಜ್. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳು: ಬ್ರಿಜ್ ಕಡೆ ಹಮ್‌ಬಕರ್ (ಎರಡು ಸುರುಳಿಯದು), ನೆಕ್ ಕಡೆ ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು). ಫಿನಿಶ್ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಆಗಲಿ ಅಂತ ಆಸೆ, ಆದರೆ ಮಳೆ ಹಿಡಿದುಕೊಂಡಿದೆ. ಈಗಲೇ ಲ್ಯಾಕರ್ ಹೊಡೆಯಬಹುದೇ? ಕೆಲಸದ ಸರದಿ ಹೇಗಿರಬೇಕು? ಟ್ರಿಮ್ ರೂಟರ್, ಡ್ರಿಲ್, ಜಿಗ್‌ಸಾ, ಕೈ ಉಪಕರಣಗಳು ಇವೆ. ಕಂಪ್ರೆಸರ್ ಬಾಡಿಗೆಗೆ ಸಿಗುತ್ತದೆ.

ಬೀಟೆಹಲಗೆ (ಮೈಸೂರು)

ಈಗ ಹೊಡೆಯಬೇಡಿ ಸರ್. ಎನ್‌ಸಿ ಲ್ಯಾಕರ್‌ನಲ್ಲಿರುವ ತಿನ್ನರ್ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಪದರದೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಲು ಚೆಲ್ಲಿದಂತೆ ಬಿಳಿ ಮಂಕು ಕವಿಯುವುದು ಇದರಿಂದಲೇ. ಗಾಳಿಯ ಆರ್ದ್ರತೆ ಶೇ. 70 ದಾಟಿದ ದಿನ ಸ್ಪ್ರೇ ಗನ್ ಕೈಗೆತ್ತಿಕೊಳ್ಳದಿರುವುದು ಒಳ್ಳೆಯದು. ಒಂದು ಡಿಜಿಟಲ್ ಹೈಗ್ರೋಮೀಟರ್ ತಂದು ಸ್ಪ್ರೇ ಮಾಡುವ ಜಾಗದಲ್ಲೇ ಇಡಿ. ಮನೆಯೊಳಗಿನ ಅಂಕಿ ನಂಬಿ ಹಿತ್ತಲಲ್ಲಿ ಹೊಡೆದರೆ ಪ್ರಯೋಜನವಿಲ್ಲ.

ಹೊಡೆಯಲೇಬೇಕಾದರೆ ತಿನ್ನರ್‌ನಲ್ಲಿ ಶೇ. 5ರಿಂದ 10 ರಿಟಾರ್ಡರ್ (ನಿಧಾನವಾಗಿ ಆವಿಯಾಗುವ ತಿನ್ನರ್) ಬೆರೆಸಿ, ಬೆಳಿಗ್ಗೆ 11ರಿಂದ 3ರ ಒಳಗೆ ಮುಗಿಸಬೇಕು. ಆಗಲೇ ಬಿಳಿಚಿಕೊಂಡಿದ್ದರೆ ಉಜ್ಜಿ ತೆಗೆಯುವ ಅಗತ್ಯ ಇಲ್ಲ. ಒಣ ಹವೆಯ ದಿನ ಬರೀ ರಿಟಾರ್ಡರ್ ತಿನ್ನರನ್ನು ತೆಳ್ಳಗೆ ಮಂಜಿನ ಹಾಗೆ ಹೊಡೆದರೆ ಲ್ಯಾಕರ್ ಮತ್ತೆ ಕರಗಿ ತೇವ ಹೊರಬರುತ್ತದೆ.

ಅದಕ್ಕಿಂತ ಮುಖ್ಯ ಮಾತು, ನೀವು ಕೇಳಿದ ಸರದಿ. ಬಣ್ಣಕ್ಕೆ ಮೊದಲು ತಂತಿ ಕಟ್ಟಬೇಕು. ಬಾಡಿ, ನೆಕ್, ಬ್ರಿಜ್, ಪಿಕಪ್, ವೈರಿಂಗ್ ಎಲ್ಲವನ್ನೂ ಬರೀ ಮರದ ಮೇಲೆ ಜೋಡಿಸಿ, ಶ್ರುತಿ ಮಾಡಿ, ಎರಡು ಮೂರು ವಾರ ನುಡಿಸಿ. ಆಮೇಲೆ ಪೂರ್ತಿ ಬಿಚ್ಚಿ ಫಿನಿಶ್. ನೆಕ್ ಪಾಕೆಟ್ (ಬಾಡಿಯಲ್ಲಿ ನೆಕ್ ಕೂರುವ ಕುಳಿ) ಅರ್ಧ ಮಿ.ಮೀ. ತಪ್ಪಿದ್ದರೆ, ಬ್ರಿಜ್ ಓರೆಯಾಗಿದ್ದರೆ, ಜ್ಯಾಕ್‌ಗೆ ಕೊರೆದ ದಾರಿ ಸಾಲದಿದ್ದರೆ ಎಲ್ಲವೂ ಆಗಲೇ ತಿಳಿಯುತ್ತದೆ. ಲ್ಯಾಕರ್ ಮುಗಿದ ಬಾಡಿಗೆ ಮತ್ತೆ ರೂಟರ್ ಹಚ್ಚಿದರೆ ಅಂಚಿನ ಫಿನಿಶ್ ಚಕ್ಕೆ ಏಳುತ್ತದೆ. ಹಾಗಾಗಿ ಮಳೆಗಾಲ ಮರಗೆಲಸಕ್ಕೆ, ಸಂಕ್ರಾಂತಿಯಿಂದ ಯುಗಾದಿವರೆಗೆ ಲ್ಯಾಕರ್‌ಗೆ ಅಂತ ಇಟ್ಟುಕೊಳ್ಳಿ.

ಮಂಡ್ಯ_ಮರಗೆಲಸ (ಮಂಡ್ಯ)

ಬೀಟೆಹಲಗೆ ಅಣ್ಣ ಹೇಳಿದ್ದು ಲ್ಯಾಕರ್ ಮಟ್ಟಿಗೆ ಸರಿ. ಆದ್ರೆ ಮಳೆಗಾಲ ಪೂರ್ತಿ ಮರಗೆಲಸಕ್ಕೆ ಅನ್ನೋದನ್ನ ನಾನು ಒಪ್ಪಲ್ಲ. ಬಾಡಿ ಕೆಲಸ ಮಾಡ್ಕೊಳ್ಳಿ, ಅಡ್ಡಿ ಇಲ್ಲ. ಫ್ರೆಟ್ ಹೊಡಿಯೋದನ್ನ ಮಾತ್ರ ಮಳೆಲಿ ಮಾಡ್ಬೇಡಿ. ಆಷಾಢದಲ್ಲಿ ತೇವ ಕುಡ್ದು ಊದ್ಕೊಂಡಿರೋ ಬೀಟೆ ಹಲಗೆಗೆ ಫ್ರೆಟ್ ಹೊಡ್ದು ಅಂಚು ನುಣ್ಣಗೆ ಅರ ಹಾಕಿದ್ರೆ, ಮಾರ್ಚ್ ಹೊತ್ಗೆ ಮರ ಅಡ್ಡಡ್ಡಕ್ಕೆ ಕುಗ್ಗುತ್ತೆ. ಲೋಹ ಕುಗ್ಗಲ್ಲ. ಫ್ರೆಟ್ ತುದಿ ಎರಡೂ ಕಡೆ ಆಚೆ ಬಂದು ಕೈಗೆ ಗರಗಸದಂಗೆ ತಾಗುತ್ತೆ.

ಸಿಲ್ವರ್ ಓಕ್ ಬಗ್ಗೆ ಹೇಳ್ಬುಡ್ತೀನಿ. ಸಾಮಿಲ್ಲಲ್ಲಿ ಸಿಗೋದು ಬಹುಪಾಲು ಪ್ಯಾಕಿಂಗ್ ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಕುಯ್ದಿದ್ದು, ಹಸಿ ಇರುತ್ತೆ. ಗಾಳೀಲಿ ಒಣಗಿಸೋದಾದ್ರೆ ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನೋದು ಹಳೇ ಲೆಕ್ಕ. ಪಿನ್ ಇರೋ ತೇವಾಂಶ ಮೀಟ್ರು ತಗೊಂಡು ಹಲಗೆಯ ಮೇಲೆ ಅಲ್ಲ, ತುದಿಯಿಂದ ಒಂದಡಿ ಒಳಗೆ ಹೊಸದಾಗಿ ಕುಯ್ದ ಮುಖದಲ್ಲಿ ಚುಚ್ಚಿ ನೋಡಿ. ಶೇ. 12ರ ಒಳಗೆ ಇರ್ಬೇಕು. ಮೀಟ್ರಿಲ್ದಿದ್ರೆ ಹಲಗೆ ತೂಕ ಬರ್ದಿಟ್ಕೊಂಡು ವಾರಕ್ಕೊಂದ್ಸಲ ಅಡುಗೆಮನೆ ತಕ್ಕಡೀಲಿ ತೂಗಿ. ಮೂರು ವಾರ ತೂಕ ಅಲ್ಲಾಡ್ದೆ ನಿಂತ್ರೆ, ನಿಮ್ಮನೆ ಹವಾಗೆ ಮರ ಹೊಂದ್ಕೊಂಡಿದೆ ಅಂತರ್ಥ.

ಇನ್ನೊಂದು: ಸಿಲ್ವರ್ ಓಕ್ ಹೊಟ್ಟು ಕೆಲವರ ಮೈಗೆ ಆಗಲ್ಲ, ತುರಿಕೆ, ಬೊಬ್ಬೆ ಬರುತ್ತೆ. ತೋಳು ಮುಚ್ಚೋ ಅಂಗಿ, ಮಾಸ್ಕು ಹಾಕ್ಬುಡಿ. ಬೀಟೆ, ತೇಗದ ಧೂಳೂ ಅಷ್ಟೇ.

ಆರನೇ_ತಂತಿ (ಮೈಸೂರು)

ಧನ್ಯವಾದ ಇಬ್ಬರಿಗೂ. ಸಿಲ್ವರ್ ಓಕ್ ಬದಲು ಹೊನ್ನೆ ಅಥವಾ ಹೆಬ್ಬೇವು ಯೋಚಿಸಬಹುದೇ? ಮಂಡ್ಯ ಕಡೆ ಹೆಬ್ಬೇವು ಬಹಳ ಬೆಳೆಯುತ್ತಾರಲ್ಲ.

ಮಂಡ್ಯ_ಮರಗೆಲಸ (ಮಂಡ್ಯ)

ಬೆಳೀತಾರೆ, ಅಗ್ಗವಾಗೂ ಸಿಗುತ್ತೆ. ಹಗುರ ಅನ್ನೋದೊಂದೇ ಅದ್ರ ಗುಣ. ಉಗುರು ಒತ್ತಿದ್ರೂ ಗುರುತು ಬೀಳುತ್ತೆ, ಸ್ಕ್ರೂ ಹಿಡಿತ ಕಮ್ಮಿ. ಮಾಡೋದಾದ್ರೆ ಮೇಲೆ 4-5 ಮಿ.ಮೀ. ಗಟ್ಟಿ ಮರದ ಹಲಗೆ ಅಂಟಿಸಿ, ಬ್ರಿಜ್ ತಂತಿಗಳನ್ನ ಹಿಂದಿನಿಂದ ಲೋಹದ ಬಳೆ ಹಾಕಿ ತೂರಿಸ್ಬೇಕು.

ಹೊನ್ನೆ ಚೇಗು ಚೆಂದ, ಆದ್ರೆ ತೂಕ. ಲೆಕ್ಕ ಹಾಕಿ: ಸ್ಟ್ರಾಟ್ ಬಾಡಿ ಕುಳಿ ತೆಗ್ದು, ಅಂಚು ಇಳಿಸಿದ್ಮೇಲೆ ಸುಮಾರು ಮೂರೂವರೆ ಲೀಟರಿನಷ್ಟು ಮರ ಉಳಿಯುತ್ತೆ. ಸಿಲ್ವರ್ ಓಕ್ ಘನ ಮೀಟರಿಗೆ 600 ಕೆ.ಜಿ. ಅಂದ್ಕೊಂಡ್ರೆ ಬಾಡಿ 2.1 ಕೆ.ಜಿ. ಹೊನ್ನೆ 800ರ ಹತ್ರ, ಅಂದ್ರೆ 2.8 ಕೆ.ಜಿ. ನೆಕ್ಕು, ಲೋಹ ಎಲ್ಲಾ ಸೇರಿ ನಾಕು ಕಿಲೋ ದಾಟುತ್ತೆ. ನಿಂತ್ಕೊಂಡು ಎರಡು ಗಂಟೆ ನುಡಿಸೋರಿಗೆ ಭುಜ ಹೇಳುತ್ತೆ. ಸಿಲ್ವರ್ ಓಕೇ ಇರ್ಲಿ.

ಉಳಿಬಾಚಿ (ಶ್ರೀರಂಗಪಟ್ಟಣ)

ವೀಣೆಗೆ ಹಲಸು ಬಳಸುವ ಊರಲ್ಲಿ ಹಲಸಿನ ಹೆಸರೇ ಬರಲಿಲ್ಲವಲ್ಲ! ಹಲಸಿನ ಬಾಡಿ ಸಿಲ್ವರ್ ಓಕ್‌ಗಿಂತ ಚೆನ್ನಾಗಿ ರೂಟರ್‌ಗೆ ಬಗ್ಗುತ್ತದೆ, ಸಿಬಿರು ಕಡಿಮೆ. ಹೊಸದರಲ್ಲಿ ಹಳದಿ, ಬರಬರುತ್ತಾ ಜೇನು ಕಂದು.

ಯಾವ ಮರವಾದರೂ ರೂಟರ್ ಕ್ರಮ ಒಂದೇ. 12 ಮಿ.ಮೀ. ಎಂ.ಡಿ.ಎಫ್. ಟೆಂಪ್ಲೇಟ್ ಮಾಡಿಸಿ, ನಾಮಫಲಕ ಮಾಡುವ ಸಿಎನ್‌ಸಿ ಅಂಗಡಿಗಳಿಗೆ ಡ್ರಾಯಿಂಗ್ ಕೊಟ್ಟರೆ ಕತ್ತರಿಸಿಕೊಡುತ್ತಾರೆ. ಜಿಗ್‌ಸಾದಲ್ಲಿ ಗೆರೆಯಿಂದ 2-3 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಟೆಂಪ್ಲೇಟ್‌ಗೆ ತಾಗಿ ಸಾಗುವ ಬೇರಿಂಗ್ ಬಿಟ್‌ನಿಂದ ತೆಗೆಯಿರಿ. ಬಾಡಿಯ ಹೊರಸುತ್ತಿನಲ್ಲಿ ರೂಟರ್ ಅಪ್ರದಕ್ಷಿಣವಾಗಿ ಸಾಗಬೇಕು, ಕುಳಿಯ ಒಳಗೆ ಪ್ರದಕ್ಷಿಣವಾಗಿ. ಒಂದು ಸಲಕ್ಕೆ 4 ಮಿ.ಮೀ.ಗಿಂತ ಹೆಚ್ಚು ಆಳ ಬೇಡ. ಪಿಕಪ್ ಕುಳಿಗಳನ್ನು ಮೊದಲು ಚಪ್ಪಟೆ ತಳದ ತೂತು ಕೊರೆಯುವ ಫೋರ್ಸ್ಟ್‌ನರ್ ಬಿಟ್‌ನಲ್ಲಿ ಕೊರೆದು, ಅಂಚು ಮಾತ್ರ ರೂಟರ್‌ಗೆ ಬಿಡಿ. ಸಣ್ಣ ರೂಟರ್‌ನ ಮೋಟಾರ್ ಬಿಸಿಯಾಗಿ ನಿಲ್ಲುವುದು ಎಲ್ಲ ಮರವನ್ನೂ ಅದರಿಂದಲೇ ತಿನ್ನಿಸುವವರಿಗೆ. ಕೊಂಬಿನ ತುದಿ, ಸೊಂಟದ ತಿರುವು, ಈ ಎರಡು ಕಡೆ ನಾರಿನ ದಿಕ್ಕು ಬದಲಾಗುತ್ತದೆ. ಸಿಬಿರು ಕಿತ್ತು ಹಾರುವುದು ಅಲ್ಲೇ. ಅಲ್ಲಿ ರೂಟರ್ ನಿಲ್ಲಿಸಿ, ಡ್ರಮ್ ಸ್ಯಾಂಡರ್ ಅಥವಾ ಅರ ಹಿಡಿದು ಗೆರೆಗೆ ಬನ್ನಿ.

ಬೀಟೆಹಲಗೆ (ಮೈಸೂರು)

ಫ್ರೆಟ್ ವಿಚಾರದಲ್ಲಿ ಮಂಡ್ಯದವರ ಆಕ್ಷೇಪ ನ್ಯಾಯವಾದದ್ದು. ಹಾಗಿದ್ದರೆ ಮಳೆಗಾಲದಲ್ಲಿ ನೆಕ್‌ನ ಒರಟು ಕೆಲಸ ಮಾತ್ರ ಮಾಡಿ: ಹಲಗೆ ಸೀಳಿ, ಪದರ ಅಂಟಿಸಿ, ಅಳತೆಗಿಂತ 3 ಮಿ.ಮೀ. ದಪ್ಪ ಬಿಟ್ಟು ಮನೆಯೊಳಗೆ ಇಡಿ. ಒಳಗೆ ಒತ್ತಡ ಇರುವ ಮರ ಈ ಎರಡು ಮೂರು ತಿಂಗಳಲ್ಲಿ ತಿರುಚಿಕೊಳ್ಳುವಷ್ಟು ತಿರುಚಿಕೊಳ್ಳುತ್ತದೆ, ಉಜ್ಜುಗೊರಡಿನಿಂದ ಮತ್ತೆ ನೇರ ಮಾಡಬಹುದು.

ಹಳೇ ಚೌಕಟ್ಟಿನ ತೇಗ ನಿಜಕ್ಕೂ ಒಳ್ಳೆಯ ಆಯ್ಕೆ, ಅದು ಕುಗ್ಗಬೇಕಾದ್ದೆಲ್ಲ ಕುಗ್ಗಿ ಆಗಿದೆ. ಗರಗಸ ಹಾಕುವ ಮೊದಲು ಬಲವಾದ ಅಯಸ್ಕಾಂತ ಆಡಿಸಿ, ಮುರಿದ ಮೊಳೆ ಒಳಗೇ ಉಳಿದಿರುತ್ತದೆ. ತುದಿ ನೋಡಿದಾಗ ಬೆಳವಣಿಗೆಯ ಗೆರೆಗಳು ಫಿಂಗರ್‌ಬೋರ್ಡ್‌ಗೆ ಲಂಬವಾಗಿ ನಿಲ್ಲುವಂತೆ ಸೀಳಿಸಿ. ಒಂದೇ ತುಂಡು ಬೇಡ, ಮೂರು ಪದರ ಮಾಡಿ: ತೇಗ, ನಡುವೆ 6 ಮಿ.ಮೀ. ಹೊನ್ನೆ, ಮತ್ತೆ ತೇಗ. ಹೊರಗಿನ ಎರಡು ತುಂಡುಗಳಲ್ಲಿ ಒಂದನ್ನು ತಿರುಗಿಸಿ ಅಂಟಿಸಿದರೆ ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ತೇಗ, ಬೀಟೆ ಎರಡರಲ್ಲೂ ಎಣ್ಣೆ ಅಂಶ ಇರುವುದರಿಂದ ಅಂಟಿಸುವ ಹತ್ತು ನಿಮಿಷ ಮೊದಲು ಹೊಸದಾಗಿ ಉಜ್ಜಿ, ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸಾಮಾನ್ಯ ಬಿಳಿ ಅಂಟು ಬಾಡಿಗೆ ಸಾಕು. ನೆಕ್‌ಗೆ ಬೇಡ, ತಂತಿಯ ಎಳೆತ ಸದಾ ಇರುವ ಜಾಗದಲ್ಲಿ ಅದು ಬಿಸಿಗೆ ನಿಧಾನವಾಗಿ ಜಾರುತ್ತದೆ. 24 ಗಂಟೆ ತೆಗೆದುಕೊಳ್ಳುವ ಎಪಾಕ್ಸಿ ಹಾಕಿ, ಐದು ನಿಮಿಷದ್ದಲ್ಲ.

ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಒಳಸಲಾಕೆ) ಎರಡೂ ಕಡೆ ತಿರುಗುವಂಥದ್ದಾದರೆ ಕಾಲುವೆ 6 ಮಿ.ಮೀ. ಅಗಲ, 9.5 ಮಿ.ಮೀ. ಆಳ. ಕೊರೆಯುವ ಮೊದಲು ಕೈಯಲ್ಲಿರುವ ರಾಡನ್ನೇ ಕ್ಯಾಲಿಪರ್‌ನಲ್ಲಿ ಅಳೆಯಿರಿ, ತಯಾರಕರಿಂದ ತಯಾರಕರಿಗೆ ವ್ಯತ್ಯಾಸ ಇದೆ. ಒಂದನೇ ಫ್ರೆಟ್ ಬಳಿ ನೆಕ್ 21 ಮಿ.ಮೀ. ದಪ್ಪ, ಅದರಲ್ಲಿ ಬೋರ್ಡ್ 6. ಕಾಲುವೆ ಕಳೆದರೆ ಹಿಂಭಾಗದಲ್ಲಿ ಉಳಿಯುವುದು ಐದೂವರೆ. ನೆಕ್ ತೆಳ್ಳಗೆ ಬೇಕು ಅಂತ ಕೆತ್ತುತ್ತಾ ಹೋಗಿ ಅದು 3 ಮಿ.ಮೀ.ಗೆ ಇಳಿದರೆ ರಾಡ್ ಬಿಗಿದ ದಿನ ಹಿಂಭಾಗ ಬಿರಿಯುತ್ತದೆ.

ಬೀಟೆಯನ್ನು ಬಿಲ್ ಇಲ್ಲದೆ ಕೊಳ್ಳಬೇಡಿ. ಮೈಸೂರಿನ ಬೀಟೆ ಇನ್‌ಲೇ ಕೆಲಸದವರ ಬಳಿ 500 ಮಿ.ಮೀ. ಉದ್ದ, 60 ಅಗಲ, 8 ದಪ್ಪದ ಪಟ್ಟಿ ಕೇಳಿ ನೋಡಿ. ಪೀಠೋಪಕರಣಕ್ಕೆ ಚಿಕ್ಕದೆನಿಸುವ ತುಂಡು ನಮಗೆ ಧಾರಾಳ. ಫ್ರೆಟ್ ಗುರುತಿನ ಚುಕ್ಕೆ, ಹೂಬಳ್ಳಿ ಏನಾದರೂ ಕೂರಿಸಬೇಕೆಂದಿದ್ದರೆ ಆ ಕೈಗಳಿಗಿಂತ ನಿಖರವಾದ ಕೈ ಬೇರೆ ಸಿಗದು. ಹೊರದೇಶಕ್ಕೆ ಒಯ್ಯುವ ಯೋಚನೆ ಇದ್ದವರಿಗೆ: ಬ್ರೆಜಿಲ್‌ನ ಬೀಟೆಯೊಂದನ್ನು ಬಿಟ್ಟು (ಅದು ಮೊದಲ ಪಟ್ಟಿಯಲ್ಲಿದೆ) ಬೀಟೆ ಜಾತಿಯ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟಿಸ್ (ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, 2019ರ ನವೆಂಬರ್‌ನಿಂದ ಪೂರ್ತಿಗೊಂಡ ವಾದ್ಯಗಳಿಗೆ ವಿನಾಯಿತಿ ಇದೆ. ಬಿಡಿ ಹಲಗೆಗೆ ಆ ವಿನಾಯಿತಿ ಇಲ್ಲ.

ಅಳತೆಪಟ್ಟಿ (ಮೈಸೂರು)

ಫ್ರೆಟ್ ಸೀಳಿನ ಲೆಕ್ಕ ಯಾರೂ ಬರೆಯದ ಕಾರಣ ಇಲ್ಲಿ ಹಾಕುತ್ತಿದ್ದೇನೆ. ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ದೂರ ಬರುತ್ತದೆ. 648ಕ್ಕೆ ನಟ್‌ನಿಂದ (ನೆಕ್‌ನ ತಲೆ ಕಡೆ ತಂತಿಗಳು ಕೂರುವ ಪಟ್ಟಿ) 1ನೇ ಫ್ರೆಟ್ 36.37 ಮಿ.ಮೀ., 5ನೆಯದು 162.55, 7ನೆಯದು 215.51, 12ನೆಯದು 324.00, 22ನೆಯದು 466.16. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಪ್ರತಿ ಗುರುತಿನ ತಪ್ಪೂ ಕೂಡುತ್ತಾ ಹೋಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಟೆಂಪ್ಲೇಟ್ ಪ್ರಿಂಟ್ ಹಾಕಿಸಿದರೆ ಅಲ್ಲೇ ಸ್ಟೀಲ್ ಸ್ಕೇಲ್ ಇಟ್ಟು 324 ಬಂದಿದೆಯೇ ನೋಡಿ. ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಆಗಿದ್ದರೆ ಇಡೀ ಅಳತೆ ಕುಗ್ಗಿರುತ್ತದೆ.

ಬೋರ್ಡ್ ಚಪ್ಪಟೆ ಇರುವಾಗಲೇ ಸೀಳು ಹಾಕಿ, ಆಮೇಲೆ ದುಂಡು ಕೊಡಿ. ಸೀಳಿನ ಅಗಲ 0.58ರಿಂದ 0.6 ಮಿ.ಮೀ. ಗರಗಸ ಅದಕ್ಕಿಂತ ದಪ್ಪ ಇದ್ದರೆ ಫ್ರೆಟ್ ಸಡಿಲ. ತೆಳ್ಳಗಿದ್ದರೆ ಇನ್ನೂ ಕೆಟ್ಟದ್ದು: ಇಪ್ಪತ್ತೆರಡು ಫ್ರೆಟ್‌ಗಳು ಇಪ್ಪತ್ತೆರಡು ಬೆಣೆಗಳಾಗಿ ನೆಕ್ ಹಿಂದಕ್ಕೆ ಬಾಗುತ್ತದೆ. ದುಂಡು ಕೊಟ್ಟ ಮೇಲೆ ಅಂಚಿನಲ್ಲಿ ಸೀಳು ಕನಿಷ್ಠ 2.2 ಮಿ.ಮೀ. ಆಳ ಉಳಿದಿರಬೇಕು, ಇಲ್ಲದಿದ್ದರೆ ಫ್ರೆಟ್ ತುದಿ ಕೂರುವುದಿಲ್ಲ. ಫ್ರೆಟ್ ತಂತಿಯನ್ನು ಬೋರ್ಡ್‌ನ ದುಂಡಿಗಿಂತ ತುಸು ಹೆಚ್ಚು ಬಗ್ಗಿಸಿ, ಎರಡು ತುದಿ ಮೊದಲು, ನಡುವೆ ಕೊನೆಗೆ ಹೊಡೆಯಿರಿ.

ಈಗ ನೆಕ್ ಪಾಕೆಟ್. 56 ಮಿ.ಮೀ. ಅಗಲ, 76 ಉದ್ದ, 16 ಆಳ ಎಂಬುದು ಫೆಂಡರ್ ಅಳತೆ, ನೆಕ್ ಹಿಮ್ಮಡಿ 25 ಮಿ.ಮೀ. ದಪ್ಪ ಇದ್ದಾಗ. ಬಾಡಿಯಿಂದ ಬೋರ್ಡ್ 9 ಮಿ.ಮೀ. ಮೇಲೆ ನಿಲ್ಲುತ್ತದೆ, ಫ್ರೆಟ್ ಸೇರಿ ಸುಮಾರು 10. ಹಾರ್ಡ್‌ಟೇಲ್ ಬ್ರಿಜ್‌ಗೆ ಇದು ಸರಿಹೊಂದುತ್ತದೆ. ಟ್ಯೂನ್-ಓ-ಮ್ಯಾಟಿಕ್ ಹಾಕುವವರಿಗೆ ಇದೇ ಅಳತೆ ನಡೆಯದು, ಆ ಬ್ರಿಜ್ ಎತ್ತರ, ನೆಕ್ ಎರಡು ಮೂರು ಡಿಗ್ರಿ ಹಿಂದಕ್ಕೆ ವಾಲಬೇಕು. ಪರೀಕ್ಷೆ ಸುಲಭ: ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಜ್‌ವರೆಗೆ ಚಾಚಿ. ಸ್ಯಾಡಲ್‌ಗಳನ್ನು (ಬ್ರಿಜ್‌ನಲ್ಲಿ ಪ್ರತಿ ತಂತಿ ಕೂರುವ ತುಂಡು) ಪೂರ್ತಿ ಇಳಿಸಿದಾಗ ಅವುಗಳ ನೆತ್ತಿ ಪಟ್ಟಿಗಿಂತ ಒಂದು ಮಿ.ಮೀ.ನಷ್ಟು ಕೆಳಗಿರಬೇಕು.

ವಾಲು ಸಾಲದಿದ್ದರೆ ಪಾಕೆಟ್‌ನ ಪೂರ್ತಿ ತಳಕ್ಕೆ ಇಳಿಜಾರಾಗಿ ಉಜ್ಜಿದ ವಿನೀರ್ (ತೆಳು ಮರದ ಹಾಳೆ) ಹಾಕಬಹುದು. ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಪಾಕೆಟ್‌ನ ಮುಂಭಾಗ 16ನೇ ಫ್ರೆಟ್ ಬಳಿ ಬರುತ್ತದೆ, ಅಲ್ಲಿಂದ ಬ್ರಿಜ್‌ಗೆ 257 ಮಿ.ಮೀ. ಪಾಕೆಟ್ ಉದ್ದ 76. ಹಿಂಬದಿಗೆ ಅರ್ಧ ಮಿ.ಮೀ. ಎತ್ತಿದರೆ ಸ್ಯಾಡಲ್ 1.7 ಮಿ.ಮೀ. ಏರಿಸಬೇಕಾಗುತ್ತದೆ. ತುಂಡು ಕಾಗದ, ವಿಸಿಟಿಂಗ್ ಕಾರ್ಡ್ ಮಡಚಿ ಒಂದೇ ತುದಿಗೆ ಇಡಬೇಡಿ. ನೆಕ್‌ನ ಹಿಮ್ಮಡಿ ಕೆಳಗೆ ಟೊಳ್ಳು ಉಳಿದು, ಸ್ಕ್ರೂ ಬಿಗಿದಂತೆ ಕೊನೆಯ ಫ್ರೆಟ್‌ಗಳು ಮೇಲೇಳುತ್ತವೆ.

ಸ್ಕ್ರೂ ತೂತು: ಬಾಡಿಯಲ್ಲಿ 4.5 ಮಿ.ಮೀ., ಸ್ಕ್ರೂ ಅಲ್ಲಿ ಸಲೀಸಾಗಿ ಜಾರಬೇಕು. ನೆಕ್‌ನಲ್ಲಿ 3 ಮಿ.ಮೀ. ಪೈಲಟ್, ಸ್ಕ್ರೂಗೆ ಸ್ವಲ್ಪ ಮೇಣ. ಬಾಡಿಯಲ್ಲೂ ಸ್ಕ್ರೂವಿನ ಮರೆ (ಸುರುಳಿ ಅಂಚು) ಕಚ್ಚಿಕೊಂಡರೆ ಎಷ್ಟು ತಿರುಗಿಸಿದರೂ ನೆಕ್ ಪಾಕೆಟ್ ತಳಕ್ಕೆ ಅಪ್ಪಿಕೊಳ್ಳುವುದಿಲ್ಲ.

ಆರನೇ_ತಂತಿ (ಮೈಸೂರು)

ಅಳತೆಪಟ್ಟಿ ಸರ್, ಬ್ರಿಜ್ ಜಾಗ ಸರಿಯಾಗಿ 648ಕ್ಕೇ ಬರಬೇಕೇ?

ಅಳತೆಪಟ್ಟಿ (ಮೈಸೂರು)

ಸ್ಯಾಡಲ್ ಬರಬೇಕು, ಬ್ರಿಜ್ ತಗಡು ಅಲ್ಲ. ಒಂದನೇ ತಂತಿಯ ಸ್ಯಾಡಲನ್ನು ಮುಂದಕ್ಕೆ ಪೂರ್ತಿ ತಂದು, 2 ಮಿ.ಮೀ. ಹಿಂದಕ್ಕೆ ತನ್ನಿ. ಅದು 648ರ ಗೆರೆಯ ಮೇಲೆ ಕೂರುವಂತೆ ತಗಡನ್ನು ಇಡಿ. ತಂತಿ ಒತ್ತಿದಾಗ ಅದರ ಬಿಗಿ ಹೆಚ್ಚಿ ಶ್ರುತಿ ಏರುತ್ತದೆ, ಅದನ್ನು ಸರಿದೂಗಿಸಲು ಎಲ್ಲ ಸ್ಯಾಡಲ್‌ಗಳೂ ಹಿಂದಕ್ಕೆ ಹೋಗುತ್ತವೆ. ಆರನೆಯದು 3ರಿಂದ 5 ಮಿ.ಮೀ. ಹಿಂದೆ ನಿಲ್ಲುತ್ತದೆ. ಕೊರೆಯುವ ಮೊದಲು ನೆಕ್ ಬಿಗಿದು, ನಟ್‌ನ ಹೊರಗಿನ ಎರಡು ಸೀಳುಗಳಿಂದ ಬ್ರಿಜ್‌ನ ಹೊರ ಸ್ಯಾಡಲ್‌ಗಳಿಗೆ ಹೊಲಿಗೆ ದಾರ ಕಟ್ಟಿ. 22ನೇ ಫ್ರೆಟ್‌ನಲ್ಲಿ ಎರಡೂ ಅಂಚಿಗೆ ಸಮ ಜಾಗ ಇರಬೇಕು. ಬಾಡಿಯ ಅಂಟಿನ ಗೆರೆಯನ್ನು ನಡುಗೆರೆ ಅಂತ ನಂಬಬೇಡಿ, ನೆಕ್ ತೋರಿಸುವುದೇ ನಡುಗೆರೆ.

ಸೋಲ್ಡರ್_ಹೊಗೆ (ಮೈಸೂರು)

ವೈರಿಂಗ್ ಭಾಗ ನಾನು ಹೇಳುತ್ತೇನೆ. ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಪೊಟೆನ್ಶಿಯೋಮೀಟರ್) ಹಮ್‌ಬಕರ್‌ಗೆ 500 ಕಿಲೋ ಓಮ್, ಸಿಂಗಲ್ ಕಾಯಿಲ್‌ಗೆ 250 ರೂಢಿ. ನಿಮ್ಮದರಲ್ಲಿ ಎರಡೂ ಇರುವುದರಿಂದ 500ರ ಪಾಟ್ ಹಾಕಿ, ಸಿಂಗಲ್ ಕಾಯಿಲ್‌ನ ತಂತಿ ಸ್ವಿಚ್‌ಗೆ ಬರುವ ಜಾಗದಿಂದ ನೆಲಕ್ಕೆ ಒಂದು 470 ಕಿಲೋ ಓಮ್ ರೆಸಿಸ್ಟರ್ ಸೇರಿಸಿ. ಆ ಪಿಕಪ್ ಒಂಟಿಯಾಗಿದ್ದಾಗ 242 ಕಿಲೋ ಓಮ್‌ನ ಪಾಟ್ ಇದ್ದಂತೆ ವರ್ತಿಸುತ್ತದೆ, ಕೀರಲು ಹೋಗುತ್ತದೆ. ಸಾಮಾನ್ಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 500 ಸಿಗದೆ 470 ಕೊಟ್ಟರೂ ನಡೆಯುತ್ತದೆ. ಕೊಳ್ಳುವಾಗ ಅಕ್ಷರ ನೋಡಿ: ವಾಲ್ಯೂಮ್‌ಗೆ ‘ಎ’ ಎಂದಿರುವ ಲಾಗ್ ಪಾಟ್. ‘ಬಿ’ ತಂದರೆ ಹತ್ತರಿಂದ ಎರಡರವರೆಗೆ ತಿರುಗಿಸಿದರೂ ಸದ್ದು ಹೆಚ್ಚು ಇಳಿಯದೆ, ಕೊನೆಗೆ ದಿಢೀರನೆ ಬೀಳುತ್ತದೆ. ಟೋನ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್, ಮೈಮೇಲೆ 223 ಅಂತಿರುತ್ತದೆ. 473 ಅಂದರೆ 0.047, ಇನ್ನೂ ಮಂದ.

ಪಾಟ್ ಬೆನ್ನಿಗೆ ಸೋಲ್ಡರ್ ಹಿಡಿಯುತ್ತಿಲ್ಲ ಎಂಬುದು ಈ ವೇದಿಕೆಯಲ್ಲಿ ಪದೇಪದೇ ಬರುವ ದೂರು. ಬೆನ್ನನ್ನು 240ರ ಪೇಪರ್‌ನಿಂದ ಗೀರಿ, 50-60 ವ್ಯಾಟ್ ಐರನ್‌ಗೆ ಉಳಿ ಬಾಯಿಯ ಅಗಲ ಬಿಟ್ ಹಾಕಿ, 60/40 ಸೀಸದ ಸೋಲ್ಡರ್ ಬಳಸಿ. 25 ವ್ಯಾಟ್‌ನ ಸೂಜಿ ಬಿಟ್ ಹಿಡಿದು ಅರ್ಧ ನಿಮಿಷ ಒತ್ತಿದರೆ ಬೆನ್ನು ಕಾಯುವ ಮೊದಲು ಒಳಗಿನ ಇಂಗಾಲದ ಪಟ್ಟಿ ಕೆಡುತ್ತದೆ.

ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ತೆಳ್ಳಗೆ, ಮೂಗಿನಿಂದ ಬಂದಂತಿದ್ದರೆ ಅವು ಎದುರುಬದುರು ಫೇಸ್‌ನಲ್ಲಿವೆ. ಸಿಂಗಲ್ ಕಾಯಿಲ್‌ನ ಎರಡು ತಂತಿ ಅದಲುಬದಲು ಮಾಡಿ. ಹೆಣೆದ ಲೋಹದ ಹೊದಿಕೆಯ ಹಮ್‌ಬಕರ್‌ನಲ್ಲಿ ಹಾಗೆ ಮಾಡಬೇಡಿ, ಅದರ ಹೊರಕವಚವೇ ನೆಲ. ತಿರುಗಿಸಿದರೆ ಕವಚ ಪೂರ್ತಿ ಗುಂಯ್‌ಗುಡುತ್ತದೆ.

ಕುಳಿಗಳಿಗೆ ತಾಮ್ರದ ಟೇಪ್ ಅಂಟಿಸಿ, ಪಟ್ಟಿ ಪಟ್ಟಿ ಸೇರುವಲ್ಲಿ ಒಂದೊಂದು ಹನಿ ಸೋಲ್ಡರ್. ಯಾವ ಎರಡು ಮೂಲೆ ಅಳೆದರೂ ಮಲ್ಟಿಮೀಟರ್ 1 ಓಮ್ ಒಳಗೆ ತೋರಿಸಬೇಕು. ಜ್ಯಾಕ್‌ನ ತುದಿ ಕಾಲು ಟೇಪ್‌ಗೆ ತಾಗಿದರೆ ಗಿಟಾರ್ ಮೂಕ. ಆ ಜಾಗಕ್ಕೆ ಇನ್ಸುಲೇಶನ್ ಟೇಪ್. ಬ್ರಿಜ್‌ನ ಕೆಳಗಿಂದ ಪಾಟ್ ಬೆನ್ನಿಗೆ ಒಂದು ತಂತಿ ಮರೆಯಬೇಡಿ. ಇದಕ್ಕೆ ಬೇಕಾದ 3 ಮಿ.ಮೀ. ಉದ್ದನೆ ತೂತನ್ನು ಬಾಡಿ ಬರೀ ಮರವಾಗಿದ್ದಾಗಲೇ ಕೊರೆಯಬೇಕು. ಬೀಟೆಹಲಗೆ ಅವರ ಸರದಿಗೆ ನನ್ನ ಪೂರ್ಣ ಒಪ್ಪಿಗೆ ಇರುವುದು ಇದಕ್ಕೇ.

ರಾಗಿಕಾಳು (ಮಂಡ್ಯ)

ಅಕ್ಕ, ಶೀಲ್ಡಿಂಗ್ ಎಲ್ಲ ಮಾಡಿದ ಗಿಟಾರಲ್ಲೂ ತಂತಿ ಮುಟ್ಟಿದ್ರೆ ಗುಂಯ್ ನಿಲ್ಲುತ್ತೆ, ಕೈ ಬಿಟ್ರೆ ಬರುತ್ತೆ. ತಪ್ಪು ಎಲ್ಲಿ?

ಸೋಲ್ಡರ್_ಹೊಗೆ (ಮೈಸೂರು)

ಮುಟ್ಟಿದಾಗ ನಿಲ್ಲುತ್ತದೆ ಅಂದರೆ ಬ್ರಿಜ್ ತಂತಿ ಸರಿಯಿದೆ. ನಿಮ್ಮ ಮೈ ಸುತ್ತಲಿನ 50 ಹರ್ಟ್ಸ್ ಹಿಡಿದುಕೊಳ್ಳುತ್ತದೆ, ತಂತಿ ಮುಟ್ಟಿದ ಕೂಡಲೇ ಅದು ನೆಲಕ್ಕೆ ಹೋಗುತ್ತದೆ. ಮುಟ್ಟಿದಾಗ ಹೆಚ್ಚಾದರೆ ಗಿಟಾರ್‌ನ ಅರ್ಥ್ ತಪ್ಪಿದೆ ಅಥವಾ ಗೋಡೆಯ ಪ್ಲಗ್‌ನಲ್ಲಿ ಅರ್ಥ್ ಇಲ್ಲ. ಮೊದಲು ಗೋಡೆಯ ಸಾಕೆಟ್ ಪರೀಕ್ಷೆ ಮಾಡಿಸಿ: ಫೇಸ್-ನ್ಯೂಟ್ರಲ್ 230 ವೋಲ್ಟ್, ಫೇಸ್-ಅರ್ಥ್ ಸಹ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಗುಂಯ್ ನಿಲ್ಲಿಸಲು ಆಂಪ್‌ನ ಅರ್ಥ್ ಪಿನ್ ಮುರಿಯುವುದು, ಎರಡು ಪಿನ್ ಅಡಾಪ್ಟರ್ ಹಾಕುವುದು ಯಾವತ್ತೂ ಬೇಡ. ಆಂಪ್‌ನಲ್ಲಿ ದೋಷ ಬಂದರೆ 230 ವೋಲ್ಟ್ ನೇರ ಬೆರಳಿಗೆ ಬರುತ್ತದೆ. ಆಮೇಲೆ ಫ್ಯಾನ್‌ನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಚೋಕ್ ಇರುವ ಟ್ಯೂಬ್‌ಲೈಟ್, ಮೊಬೈಲ್ ಚಾರ್ಜರ್ ಒಂದೊಂದಾಗಿ ಆರಿಸಿ ಕೇಳಿ. ಫ್ಯಾನ್ ಪೂರ್ತಿ ವೇಗಕ್ಕೆ ಇಟ್ಟಾಗ ಜಿರ್ ಸದ್ದು ಕಡಿಮೆಯಾದರೆ ಕಳ್ಳ ರೆಗ್ಯುಲೇಟರ್.

ರಾಗಿಕಾಳು (ಮಂಡ್ಯ)

ಪಿಕಪ್ಪನ್ನೇ ಸುತ್ತೋರು ಯಾರಾದ್ರೂ ಇದ್ದೀರಾ? ತಂತಿ ಇಲ್ಲೇ ಸಿಗುತ್ತಾ?

ಸೋಲ್ಡರ್_ಹೊಗೆ (ಮೈಸೂರು)

ವಿದೇಶಿ ಪುಟಗಳಲ್ಲಿ 42 ಎ.ಡಬ್ಲ್ಯು.ಜಿ. (ಅಮೆರಿಕದ ತಂತಿ ಗೇಜ್) ಅಂತ ಬರೆದಿರುತ್ತಾರೆ, 0.063 ಮಿ.ಮೀ. ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಗಳ ಲೆಕ್ಕ ಎಸ್.ಡಬ್ಲ್ಯು.ಜಿ.ಯಲ್ಲಿ (ಬ್ರಿಟಿಷ್ ಗೇಜ್). ಅಲ್ಲಿ 46 ಗೇಜ್ ಕೇಳಿ, 0.061 ಮಿ.ಮೀ. ಪಂಪ್‌ಸೆಟ್ ಸುತ್ತುವವರ ಬಳಿ ಇಷ್ಟು ತೆಳುವಾದದ್ದು ಇರುವುದಿಲ್ಲ, ಆದರೆ ಅವರು ತಂತಿ ತರಿಸುವ ವ್ಯಾಪಾರಿಯಿಂದ ರೀಲ್ ತರಿಸಿಕೊಡಬಲ್ಲರು. ಸಿಂಗಲ್ ಕಾಯಿಲ್‌ಗೆ ಸುಮಾರು 8,000 ಸುತ್ತು, 6ರಿಂದ 6.5 ಕಿಲೋ ಓಮ್ ಬರುತ್ತದೆ. ಸುತ್ತಿದ ಮೇಲೆ ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ ಬಿಸಿನೀರಿನ ಪಾತ್ರೆಯೊಳಗಿನ ಪಾತ್ರೆಯಲ್ಲಿ 65 ಡಿಗ್ರಿಗೆ ಕರಗಿಸಿ, ಗುಳ್ಳೆ ನಿಲ್ಲುವವರೆಗೆ ಅದ್ದಿ. ನೇರ ಉರಿ ಬೇಡ. ಮೇಣ ಹೊತ್ತಿಕೊಳ್ಳುತ್ತದೆ, 70 ದಾಟಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಉಳಿಬಾಚಿ (ಶ್ರೀರಂಗಪಟ್ಟಣ)

ಫಿನಿಶ್‌ಗೆ ವಾಪಸ್ ಬರೋಣ. ಎನ್‌ಸಿಯೇ ಯಾಕೆ? ಅರಗಿನ ಫ್ರೆಂಚ್ ಪಾಲಿಶ್‌ಗೆ ಕಂಪ್ರೆಸರ್ ಬೇಡ, ಬೂತ್ ಬೇಡ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ, ಈಗ ಚುನಾವಣೆಯ ಅಳಿಸಲಾಗದ ಶಾಯಿ ಮಾಡುವ ಮೈಸೂರಿನ ಕಾರ್ಖಾನೆಯ ಮೊದಲ ಹೆಸರಲ್ಲೇ ಅರಗು ಇದೆ. ಈ ಊರಿಗೆ ಅರಗು ಹೊಸದಲ್ಲ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಗೆ ಹಳೇ ಪಂಚೆ ಸುತ್ತಿ, ಉದ್ದುದ್ದ, ಆಮೇಲೆ ಎಂಟರ ಆಕಾರದಲ್ಲಿ ಎಳೆಯಿರಿ. ಎಲ್ಲಿಯೂ ಕೈ ನಿಲ್ಲಿಸಬಾರದು, ನಿಂತ ಕಡೆ ಕೆಳಗಿನ ಪದರ ಕಿತ್ತು ಬರುತ್ತದೆ. ಕಲಸಿ ಆರು ತಿಂಗಳಾದ ದ್ರಾವಣ ಬಳಸಬೇಡಿ. ಗಾಜಿನ ಮೇಲೆ ಒಂದು ಹನಿ ಹಾಕಿ, ಮರುದಿನವೂ ಅಂಟಂಟಾಗಿದ್ದರೆ ಚೆಲ್ಲಿ.

ಬೀಟೆಹಲಗೆ (ಮೈಸೂರು)

ಅರಗಿನ ಹೊಳಪಿಗೆ ಸಮ ಇಲ್ಲ, ಒಪ್ಪುತ್ತೇನೆ. ಆದರೆ ಎಲೆಕ್ಟ್ರಿಕ್ ಗಿಟಾರ್‌ನ ಮೇಲಂಚಿನಲ್ಲಿ ಮುಂಗೈ ಸದಾ ಉಜ್ಜುತ್ತದೆ. ಏಪ್ರಿಲ್ ಸೆಕೆಯಲ್ಲಿ ಬೆವರಿಗೆ ಅರಗು ಮೆತ್ತಗಾಗಿ ಮಂಕಾಗುತ್ತದೆ. ಅರಗನ್ನು ತಳಪದರವಾಗಿ ಹಾಕಿ, ಮೇಲೆ ಲ್ಯಾಕರ್ ಹೊಡೆಯುವುದು ನನ್ನ ಸಲಹೆ. ಎಣ್ಣೆ ಮರವಾದ ತೇಗದ ನೆಕ್‌ಗಂತೂ ಅದು ಬೇಕೇ ಬೇಕು, ಇಲ್ಲದಿದ್ದರೆ ಮೇಲಿನ ಪದರ ಸಿಪ್ಪೆಯಂತೆ ಏಳುತ್ತದೆ. ತಳಪದರಕ್ಕೆ ಮೇಣ ತೆಗೆದ ಅರಗು. ಸಾಮಾನ್ಯ ಅರಗಿನ ದ್ರಾವಣವನ್ನು ಬಾಟಲಿಯಲ್ಲಿ ಅಲ್ಲಾಡಿಸದೆ ಒಂದೆರಡು ವಾರ ಇಟ್ಟರೆ ಮೇಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ.

ಪೂರ್ತಿ ಕ್ರಮ ಹೀಗೆ. ಸ್ಯಾಂಡಿಂಗ್ 120, 180, 240, 320. 180 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ನಾರು ಏಳಿಸಿ, ಒಣಗಿದ ಮೇಲೆ ಮುಂದಿನದು. ನಡುವಿನದನ್ನು ಬಿಟ್ಟು 120ರಿಂದ 320ಕ್ಕೆ ಜಿಗಿದರೆ ಹಳೇ ಗೀರು ಬಣ್ಣ ಹಾಕಿದ ಮೇಲೆ ಎದ್ದು ಕಾಣುತ್ತದೆ. ಮರದ ರಂಧ್ರ ತುಂಬಲು ಗ್ರೇನ್ ಫಿಲ್ಲರನ್ನು ನಾರಿಗೆ ಅಡ್ಡಡ್ಡ ಉಜ್ಜಿ. ಬಣ್ಣದ ಸ್ಟೇನ್, ಅರಗು ಎರಡು ಕೈ, ಎನ್‌ಸಿ ಸ್ಯಾಂಡಿಂಗ್ ಸೀಲರ್ ಮೂರು ಕೈ, 320ರಿಂದ ಮಟ್ಟ. ಆಮೇಲೆ ಲ್ಯಾಕರ್ ಮತ್ತು ತಿನ್ನರ್ ಸಮಪಾಲು, ದಿನಕ್ಕೆ ಮೂರು ಕೈ, ನಡುವೆ ಎರಡು ಗಂಟೆ, ಒಟ್ಟು ಎಂಟರಿಂದ ಹತ್ತು. ದಪ್ಪಗೆ ಒಂದೇ ಸಲ ಹೊಡೆದರೆ ಮೇಲ್ಪದರ ಒಣಗಿ ಒಳಗಿನ ತಿನ್ನರ್ ಹೊರಬರಲಾಗದೆ ತಿಂಗಳುಗಟ್ಟಲೆ ಮೆತ್ತಗಿರುತ್ತದೆ. ನಾಲ್ಕು ವಾರ ನೇತುಹಾಕಿ. ಮೂಗು ಹತ್ತಿರ ತಂದಾಗ ತಿನ್ನರ್ ವಾಸನೆ ಬರುತ್ತಿದ್ದರೆ ಇನ್ನೂ ಕಾಯಿರಿ. ಅನಂತರ ವಾಟರ್‌ಪೇಪರ್ 800, 1000, 1500, 2000, ಸೋಪಿನ ನೀರಲ್ಲಿ. ಸ್ಕ್ರೂ ತೂತುಗಳಿಗೆ ನೀರು ಇಳಿಯದಂತೆ ಮೇಣ ತುಂಬಿ, ಇಲ್ಲದಿದ್ದರೆ ಮರ ಊದಿ ತೂತಿನ ಸುತ್ತ ಲ್ಯಾಕರ್ ಬಿರಿಯುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್. ನೆಕ್ ಪಾಕೆಟ್‌ನೊಳಗೆ ಲ್ಯಾಕರ್ ಹೋಗಬಾರದು, ಟೇಪ್ ಹಚ್ಚಿ.

ಮಾಸ್ಕ್ ಅಂದರೆ ಬಟ್ಟೆಯದಲ್ಲ, ಇದ್ದಿಲು ಕಾರ್ಟ್ರಿಜ್ ಇರುವಂಥದ್ದು. ಹತ್ತಿರದಲ್ಲಿ ಒಲೆ, ಊದುಬತ್ತಿ, ಸ್ವಿಚ್ ಕಿಡಿ ಏನೂ ಇರಬಾರದು.

ಮಂಡ್ಯ_ಮರಗೆಲಸ (ಮಂಡ್ಯ)

ಎರಡು ಭಾಗದ ಪಿ.ಯು. (ಪಾಲಿಯುರೆಥೇನ್) ಬೇಕು ಅನ್ನೋರು ಮನೇಲಿ ಹೊಡಿಯೋಕೆ ಹೋಗ್ಬೇಡಿ. ಅದ್ರ ಹಾರ್ಡ್‌ನರಲ್ಲಿ ಐಸೋಸಯನೇಟ್ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಇದ್ದಿಲು ಮಾಸ್ಕೂ ಸಾಲಲ್ಲ. ಸ್ಯಾಂಡಿಂಗ್ ನೀವೇ ಮುಗ್ಸಿ, ಕಾರಿಗೆ ಪೇಂಟ್ ಹೊಡಿಯೋ ಬೂತ್ ಇರೋ ಕಡೆ ಕೊಡಿ. ‘ತೆಳ್ಳಗೆ ಮೂರೇ ಕೈ’ ಅಂತ ಬಾಯ್ಬಿಟ್ಟು ಹೇಳಿ, ಕಾರಿನ ದಪ್ಪಕ್ಕೆ ಹೊಡೆದ್ರೆ ನೆಕ್ಕು ಪಾಕೆಟ್ಟಿಗೆ ಇಳಿಯಲ್ಲ. ಮೆಲಮೈನೂ ಮಾಡ್ತಾರೆ, ಆದ್ರೆ ದಪ್ಪ ಆದ್ರೆ ಬಿರುಕು.

ಬೀಟೆ ಫಿಂಗರ್‌ಬೋರ್ಡಿಗೆ ಏನೂ ಹೊಡೀಬೇಡಿ. ವರ್ಷಕ್ಕೆ ಎರಡು ಸಲ ನಾಕು ಹನಿ ಎಣ್ಣೆ ತೀಡಿ, ಒರ್ಸಿ. ಅಗಸೆ ಎಣ್ಣೆ ಆದ್ರೆ ಆ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ತಂತಾನೆ ಕಾದು ಹೊತ್ಕೊಳ್ಳುತ್ತೆ. ಬಿಚ್ಚಿ ತಂತಿ ಮೇಲೆ ಒಣಗಾಕಿ.

ಆರನೇ_ತಂತಿ (ಮೈಸೂರು)

ಹಾಗಾದರೆ ಸರದಿ ಹೀಗಿಟ್ಟುಕೊಳ್ಳುತ್ತೇನೆ: ಈಗ ಬಾಡಿ ರೂಟಿಂಗ್, ನೆಕ್ ಪದರ ಅಂಟಿಸಿ ಬಿಡುವುದು. ದೀಪಾವಳಿ ಮಳೆ ನಿಂತ ಮೇಲೆ ನೆಕ್ ಕೆತ್ತನೆ, ಫ್ರೆಟ್, ಬರೀ ಮರದಲ್ಲೇ ಪೂರ್ತಿ ಜೋಡಣೆ. ಸಂಕ್ರಾಂತಿ ನಂತರ ಬಿಚ್ಚಿ ಫಿನಿಶ್. ಜೋಡಣೆಯ ಹೊತ್ತಿಗೆ ಸೆಟಪ್ ಅಳತೆ ಯಾರಾದರೂ ಹಾಕಿ.

ಅಳತೆಪಟ್ಟಿ (ಮೈಸೂರು)

ಫ್ರೆಟ್ ಮಟ್ಟ ಮಾಡುವ ಮೊದಲು ರಾಡ್ ಹೊಂದಿಸಿ ನೆಕ್ ನೇರ ಮಾಡಿಕೊಳ್ಳಿ, ಫ್ರೆಟ್ ನೆತ್ತಿಗೆಲ್ಲ ಮಾರ್ಕರ್ ಬಳಿಯಿರಿ. ಚಪ್ಪಟೆ ಪಟ್ಟಿಗೆ 320 ಅಂಟಿಸಿ ಎಲ್ಲದರ ಮೇಲೂ ಮಾರ್ಕರ್ ಅಳಿಯುವವರೆಗೆ ಮಾತ್ರ ಎಳೆಯಿರಿ. ಒಂದೇ ಫ್ರೆಟ್ ಎತ್ತರ ಕಂಡರೆ ಉಜ್ಜುವ ಮುನ್ನ ಸುತ್ತಿಗೆಯಿಂದ ಮತ್ತೆ ಕೂರಿಸಿ ನೋಡಿ, ಬಹಳ ಸಲ ಅದು ಪೂರ್ತಿ ಇಳಿದಿರುವುದಿಲ್ಲ ಅಷ್ಟೇ. ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್ ಮುಚ್ಚಿ, ಅಯಸ್ಕಾಂತಕ್ಕೆ ಅಂಟಿದ ಪುಡಿ ಆಮೇಲೆ ಬರುವುದಿಲ್ಲ.

10-46 ತಂತಿ (ಒಂದನೆಯದರ ದಪ್ಪ ಇಂಚಿನ ಸಾವಿರದಲ್ಲಿ 10 ಪಾಲು, ಆರನೆಯದರದು 46) ಹಾಕಿ ಶ್ರುತಿಗೆ ತಂದು ಒಂದು ರಾತ್ರಿ ಬಿಡಿ. 1ನೇ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದಾಗ 8ನೆಯದರ ಬಳಿ 0.2ರಿಂದ 0.25 ಮಿ.ಮೀ. ಸಂದು. 12ನೇ ಫ್ರೆಟ್‌ನಲ್ಲಿ ಒಂದನೇ ತಂತಿ 1.6 ಮಿ.ಮೀ., ಆರನೆಯದು 2. ಸಿಂಗಲ್ ಕಾಯಿಲ್‌ನ ಅಯಸ್ಕಾಂತ ಆರನೇ ತಂತಿಯಿಂದ 2.4 ಮಿ.ಮೀ.ಗಿಂತ ಹತ್ತಿರ ಬರಬಾರದು, ಕೊನೆಯ ಫ್ರೆಟ್ ಒತ್ತಿ ಅಳೆದಾಗ. ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಮೇಲಿನ ಸ್ಥಾನಗಳಲ್ಲಿ ಒಂದೇ ಸ್ವರ ಎರಡಾಗಿ ಅಲೆದಂತೆ ಕೇಳುತ್ತದೆ, ಸ್ಯಾಡಲ್ ಎಷ್ಟು ತಿರುಗಿಸಿದರೂ ಶ್ರುತಿ ಕೂರುವುದಿಲ್ಲ.

ಆರನೇ_ತಂತಿ (ಮೈಸೂರು)

ಕೊನೆಯದೊಂದು. ಫಿನಿಶ್ ಮುಗಿದ ಗಿಟಾರನ್ನು ಸಾಮಾನ್ಯ ಸ್ಟ್ಯಾಂಡ್ ಮೇಲೆ ಇಡಬಹುದೇ?

ಬೀಟೆಹಲಗೆ (ಮೈಸೂರು)

ಎನ್‌ಸಿ ಆದರೆ ಬೇಡ. ಸ್ಟ್ಯಾಂಡ್‌ನ ರಬ್ಬರ್ ಕೊಳವೆ, ಮೆತ್ತನೆ ಪ್ಲಾಸ್ಟಿಕ್‌ನ ರಸ ಲ್ಯಾಕರ್‌ಗೆ ಇಳಿದು ತಾಗಿದ ಜಾಗ ಮೆತ್ತಗಾಗಿ ಅಚ್ಚು ಬೀಳುತ್ತದೆ. ತಾಗುವ ಕಡೆಯೆಲ್ಲ ದಪ್ಪ ಹತ್ತಿ ಬಟ್ಟೆ ಸುತ್ತಿ ಹೊಲಿದುಬಿಡಿ. ಗೋಡೆಗೆ ನೇತುಹಾಕುವುದಾದರೆ ಹೆಡ್‌ಸ್ಟಾಕ್ ಕೂರುವ ಕವಲಿಗೂ ಅದೇ.